ಅಂಗುಳದ ಗಂಟು

ಚೌತಿ ಕಳೆದು ಮನೆಯಲ್ಲಿ ಮತ್ತೆ ಮೀನು ಬೆಂದ ಮೊದಲ ಮಧ್ಯಾಹ್ನವೇ ರೂಪಾ ತಟ್ಟೆ ಬಿಟ್ಟು ಎದ್ದಳು. ಬಂಗಾರಿಗೆ ಮೈಯೆಲ್ಲ ಉರಿದುಹೋಯಿತು. ಮೊಣಕಾಲು ನೋವಿನಲ್ಲೂ ತೆಂಗಿನಗುಂಡಿ ಬಂದರಿಗೆ ನಡೆದುಹೋಗಿ ತಾನೇ ಆರಿಸಿ ತಂದ ಬಂಗಡೆ. ಜುಮ್ಮನಕಾಯಿ ಜಜ್ಜಿ ಹಾಕಿ ತಾನೇ ಕುದಿಸಿದ ಸಾರು. ಸೊಸೆ ಎರಡು ತುತ್ತು ತಿಂದದ್ದೇ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ಹಿತ್ತಲ ಬಾಗಿಲಿಗೆ ಓಡಿ ಉಗುಳಿಬಿಟ್ಟಳು.

"ನನ್ನ ಕೈ ಅಡಿಗೆ ಈಗ ಗಂಟಲಲ್ಲಿ ಇಳಿಯೂದಿಲ್ವನೇ ನಿಂಗೆ?" ಬಂಗಾರಿ ಕೂತಲ್ಲಿಂದಲೇ ಕೂಗಿದಳು.

"ಅದಲ್ಲ ಅತ್ತೆ. ಖಾರ ತಾಗಿದ್ರೆ ಮೇಲೆ ಉರೀತದೆ."

"ಮೇಲೆ ಅಂದ್ರೆ ಎಲ್ಲಿ? ತಲೆ ಮೇಲಾ?"

"ಅಮ್ಮನ ಬಾಯೊಳಗೆ ಗಂಟಿದೆ ಅಜ್ಜಿ," ಎಂದಳು ಮೊಮ್ಮಗಳು ಸುಶ್ಮಿತಾ, ತಟ್ಟೆಯಿಂದ ತಲೆ ಎತ್ತದೆ. "ನಂಗೆ ತೋರ್ಸಿತ್ತು. ನಿಂಗೆ ಹೇಳ್ಬೇಡ ಅಂದಿತ್ತು."

ಬಂಗಾರಿ ಕೈ ತೊಳೆದು ಎದ್ದಳು. ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಜಗಳಾಡಿಕೊಂಡು ಬಂದವರು ಅವರಿಬ್ಬರು. ಉಪ್ಪಿಗೆ, ಹುಳಿಗೆ, ನೀರು ಚೆಲ್ಲಿದ್ದಕ್ಕೆ, ತೌರಿನವರು ಬಂದದ್ದಕ್ಕೆ, ಬರದಿದ್ದುದಕ್ಕೆ. ಹೊನ್ನಾವರದ ಕಾಸರಕೋಡಿನಿಂದ ಬಂದ ಹುಡುಗಿಗೆ ಬಂಗಾರಿ ಬಾಯಿತುಂಬ ಬೈದಿದ್ದಳು. ಮೊಣಕಾಲು ಸೋತ ವರ್ಷ ತನ್ನ ಮೀನಿನ ಬುಟ್ಟಿಯನ್ನೂ, ಭಟ್ಕಳ ಪೇಟೆಯಲ್ಲಿ ತಾನು ಬೆಳೆಸಿಕೊಂಡಿದ್ದ ಗಿರಾಕಿ ಮನೆಗಳನ್ನೂ ಅವಳಿಗೇ ಒಪ್ಪಿಸಿದ್ದಳು. ರೂಪಾ ಆ ನವಾಯತ ಮುಸ್ಲಿಮರ ಮನೆಗಳ ಹೆಂಗಸರ ಮಾತನ್ನು ಅವರಂತೆಯೇ ಕಲಿತು, ಅತ್ತೆ ಮಾರುವುದಕ್ಕಿಂತ ಬೇಗ ಬುಟ್ಟಿ ಖಾಲಿ ಮಾಡಿ ಬರುತ್ತಿದ್ದಳು. ಅದಕ್ಕೂ ಜಗಳ ಆಗುತ್ತಿತ್ತು.

"ಬಾಯಿ ಬಿಡು, ಕಾಂಬ."

ಹಿತ್ತಲ ಬಾಗಿಲ ಬೆಳಕಿಗೆ ನಿಂತು ರೂಪಾ ಬಾಯಿ ತೆರೆದಳು. ಬಲಗಡೆ ಅಂಗುಳದಲ್ಲಿ ಅರ್ಧ ಗೋಟಡಿಕೆಯನ್ನು ಬೋರಲು ಹಾಕಿಟ್ಟಂಥ ಗಂಟು. ಹುಣ್ಣಿಲ್ಲ, ಕೀವಿಲ್ಲ. ಅಂಗುಳದ್ದೇ ಬಣ್ಣ. ನುಣ್ಣಗೆ ಕೂತಿತ್ತು.

"ಎಷ್ಟು ದಿನ ಆತು?"

"ಹೋದ ಮಳೆಗಾಲ ಬೋಟು ಕಟ್ಟಿದಾಗ್ಲೇ ಇತ್ತು. ನೋವಿರ್ಲಿಲ್ಲ. ಹಲ್ಲಿಂದು ಅಂದ್ಕಂಡೆ."

ಭಟ್ಕಳದ ಹಲ್ಲಿನ ಡಾಕ್ಟರು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಕೈಗವಸು ಬಿಚ್ಚಿ, ಇದು ತನ್ನ ಕೆಲಸವಲ್ಲ ಎಂದರು. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟರು. ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದ ಮಗ ಸುಧಾಕರ ಕೆಲಸ ಬಿಟ್ಟು ಬಂದು ಹೆಂಡತಿಯನ್ನು ರೈಲಿನಲ್ಲಿ ಕರೆದುಕೊಂಡು ಹೋದ. ಅಲ್ಲಿ ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎದೆಯ ಸ್ಕ್ಯಾನೂ ಆಯಿತು. ಪರೀಕ್ಷೆಯ ಉತ್ತರ ಬರುವುದರೊಳಗೆ ಕೇರಿಯಲ್ಲಿ ಮಾತು ಹುಟ್ಟಿತ್ತು. ಪಕ್ಕದ ಮನೆಯ ತಿಮ್ಮಿ ಬೇಲಿಯಾಚೆ ನಿಂತು ಯಾರಿಗೋ ಹೇಳುತ್ತಿದ್ದುದು ಸುಧಾಕರನ ಕಿವಿಗೆ ಬಿತ್ತು: "ಬಂಗಾರಕ್ಕಂಗೆ ಹೊಗೆಸೊಪ್ಪಿಲ್ದೆ ಉಸ್ರಾಡುಕೆ ಆಗೂದಿಲ್ಲ. ಸೊಸೆಗೂ ಕಲ್ಸಿತ್ತು, ಕಾಣು."

ಅವನು ಒಳಗೆ ಬಂದು ಅವ್ವನ ಕವಳದ ಸಂಚಿಯನ್ನು ಗೂಟದಿಂದ ಕಿತ್ತು ಅಂಗಳಕ್ಕೆ ಎಸೆದ. ಅಡಿಕೆ ಹೋಳು, ಸುಣ್ಣದ ಡಬ್ಬಿ ಕೆಸರಲ್ಲಿ ಚೆಲ್ಲಿದವು.

"ನಿನ್ನ ಈ ದರಿದ್ರ ಹೊಗೆಸೊಪ್ಪು ನನ್ನ ಮನೆ ತಿಂತು!"

"ಹೌದನಾ?" ಬಂಗಾರಿ ಎದ್ದು ನಿಂತಳು. "ಹುಡುಗಿ ಆದಾಗಿಂದ ಅಗ್ದದ್ದು ನಾನು. ಬರೂದಾದ್ರೆ ನಂಗೆ ಬರ್ಬೇಕಿತ್ತು. ಅದು ಒಂದು ದಿನ ಎಲೆ ಬಾಯಿಗೆ ಹಾಕಿದ್ದು ನೀ ಕಂಡಿದ್ಯಾ? ಮನೇಲಿ ಇದ್ರೆ ಅಲ್ದಾ ನೀ ಕಾಂಬುದು!"

"ಅಮ್ಮ, ಬಾಯಿ ಮುಚ್ಚು."

"ಮುಚ್ತೆ. ಬರಗಾಲ ಬಂದಂಗೆ ಬತ್ತೆ ನೀನು, ಬಂದು ಸಂಚಿ ಎಸೀತೆ."

ರೂಪಾ ಇಬ್ಬರನ್ನೂ ನೋಡಿದಳು. ಅಂಗಳಕ್ಕಿಳಿದು ಡಬ್ಬಿಯನ್ನು ಹೆಕ್ಕಿ, ನೈಟಿಗೆ ಒರೆಸಿ, ಅತ್ತೆಯ ಕೈಗೆ ಕೊಟ್ಟಳು. ಬಂಗಾರಿ ಅದನ್ನು ತೆಗೆದುಕೊಂಡಳು. ಆದರೆ ಅಂದಿನಿಂದ ಅಗಿಯಲಿಲ್ಲ. ಅಗಿಯಲು ಹೋದರೆ ಸೊಸೆಯ ಅಂಗುಳ ಕಣ್ಣ ಮುಂದೆ ಬರುತ್ತಿತ್ತು.

ಆಪರೇಷನ್ನಿಗೆ ಸೇರಿಸಿದಾಗ ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿರಲಿಲ್ಲ. ಸುಶ್ಮಿತಾಗೆ ಕಾಲೇಜು. ಬಂಗಾರಿಯೇ ಚಾಪೆ ಸುತ್ತಿಕೊಂಡು ಹೊರಟಳು. ಡಾಕ್ಟರ್ ಅರ್ಚನಾ ಎಂಬವರು ಸುಧಾಕರನನ್ನೂ ಬಂಗಾರಿಯನ್ನೂ ಕೂರಿಸಿಕೊಂಡು ವಿಷಯ ಹೇಳಿದರು.

"ಅಂಗುಳದ ಚರ್ಮದ ಅಡಿಯಲ್ಲಿ ಜೊಲ್ಲು ಹುಟ್ಟುವ ಸಣ್ಣ ಸಣ್ಣ ಗ್ರಂಥಿ ಇರ್ತವೆ ಅಮ್ಮ, ನೂರಾರು. ಅದರಲ್ಲಿ ಎದ್ದ ಗಂಟು ಇದು. ಕ್ಯಾನ್ಸರೇ. ಆದರೆ ತಂಬಾಕಿನಿಂದ ಬಾಯಿಗೆ ಬರುವ ಕ್ಯಾನ್ಸರ್ ಬೇರೆ, ಇದು ಬೇರೆ. ಇದು ಯಾಕೆ ಬರ್ತದೆ ಅಂತ ನಮಗೇ ಸರಿಯಾಗಿ ಗೊತ್ತಿಲ್ಲ."

"ನಾ ತಿಂದ ಹೊಗೆಸೊಪ್ಪಿಂದ ಅಲ್ವನಾ?"

"ಅಲ್ಲ."

ಬಂಗಾರಿಯ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದರ ಬೆನ್ನಿಗೇ, ಸೊಸೆಗೆ ಕ್ಯಾನ್ಸರ್ ಎಂದು ಕೇಳಿದ ಗಳಿಗೆಯಲ್ಲಿ ತನಗೆ ಹಗುರಾದದ್ದಕ್ಕೆ ನಾಚಿಕೆಯಾಗಿ ತಲೆ ತಗ್ಗಿಸಿದಳು.

"ಇದರಲ್ಲಿ ಬೇರೆ ಬೇರೆ ಜಾತಿ ಇವೆ," ಡಾಕ್ಟರು ಮುಂದುವರಿಸಿದರು. "ಕೆಲವು ಪಾಪದ್ದು, ಹೆಚ್ಚು ಉಪದ್ರ ಇಲ್ಲದ್ದು. ಕತ್ತರಿಸಿದರೆ ಮುಗೀತು. ರೂಪಾ ಅವರದು ಅಡಿನಾಯ್ಡ್ ಸಿಸ್ಟಿಕ್ ಅಂತ. ನಿಧಾನ ಬೆಳೀತದೆ, ಆದರೆ ನರ ಹಿಡಿದುಕೊಂಡು ದೂರ ಹೋಗ್ತದೆ. ತೆಗೆದ ಮೇಲೂ ವರ್ಷಗಟ್ಟಲೆ ಕಾಯಬೇಕಾಗ್ತದೆ. ಎದೆ ಸ್ಕ್ಯಾನಿನಲ್ಲಿ ಒಂದೆರಡು ಚುಕ್ಕೆ ಕಾಣ್ತವೆ. ಹಳೇ ಕಫದ ಕಲೆಯೂ ಇರಬಹುದು, ಇದೂ ಇರಬಹುದು. ಈಗಲೇ ಹೇಳ್ಲಿಕ್ಕೆ ಆಗುದಿಲ್ಲ."

ಸುಧಾಕರ ಎಲ್ಲದಕ್ಕೂ ತಲೆಯಾಡಿಸಿದ. ಹೊರಗೆ ಬಂದು ಅವ್ವನಿಗೆ ಹೇಳಿದ್ದು ಒಂದೇ ಮಾತು: "ರೂಪಾಗೆ ಎಂತದೂ ಹೇಳ್ಬೇಡ. ಗಂಟು ತೆಗೀತ್ರು, ಸರಿ ಆತದೆ. ಅಷ್ಟೇ."

ವಾರ್ಡಿನಲ್ಲಿ ರೂಪಾಳ ಪಕ್ಕದ ಮಂಚ ಮಿರ್ಜಾನದ ಮಾದೇವಿಯದು. ಗದ್ದೆ, ತರಕಾರಿ ಮಾಡುವ ಮನೆಯ ಹೆಂಗಸು, ರೂಪಾಳಿಗಿಂತ ನಾಲ್ಕಾರು ವರ್ಷ ಹಿರಿಯಳು. ಅವಳಿಗೂ ಅಂಗುಳದಲ್ಲಿ ಗಂಟು. ಅದೇ ಬಲಗಡೆ, ಅಷ್ಟೇ ದೊಡ್ಡದು. ಇಬ್ಬರೂ ಒಬ್ಬರಿಗೊಬ್ಬರು ಬಾಯಿ ತೆರೆದು ತೋರಿಸಿಕೊಂಡು ನಕ್ಕರು. ಮದುವೆ ಮನೆಯಲ್ಲಿ ಬಳೆ ತೋರಿಸಿಕೊಳ್ಳುವ ಹಾಗೆ, ಎಂದು ಬಂಗಾರಿ ಗದರಿದಳು.

ಮಾದೇವಿಗೆ ಗಂಟನ್ನಷ್ಟೇ ಸುತ್ತ ಬಳಸಿ ತೆಗೆದರು. ಮೂಳೆ ಉಳಿಯಿತು. ವಾರ ಕಳೆಯುವುದರೊಳಗೆ ಅವಳು ಮೆತ್ತಗಿನ ಅನ್ನ ಉಂಡು, ಬಂಗಾರಿಗೆ ಕೈಮುಗಿದು ಊರಿಗೆ ಹೋದಳು. ರೂಪಾಳಿಗೆ ಅಂಗುಳದ ಅರ್ಧ ಮೂಳೆಯೇ ಹೋಯಿತು. ಬಾಯಿಂದ ಮೂಗಿಗೆ ಹಾದಿ ಬಿತ್ತು. ಆ ತೂತಿಗೆ ಮುಚ್ಚಳದಂತೆ ಒಂದು ಪ್ಲೇಟು ಮಾಡಿಕೊಟ್ಟರು. ಅದು ಹಾಕಿದರೆ ನೋವು. ತೆಗೆದರೆ ಕುಡಿದ ಗಂಜಿ ಮೂಗಿನಿಂದ ಇಳಿಯುತ್ತಿತ್ತು. ಮಾತೆಲ್ಲ ಮೂಗಿಗೇರಿ ಕರಗಿಹೋಗುತ್ತಿತ್ತು. ನರ್ಸುಗಳು "ಏನು? ಏನಮ್ಮ?" ಎನ್ನುತ್ತಿದ್ದರು. ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದ ಬಂಗಾರಿಗೆ ಮಾತ್ರ ದಿನಗಳೆದಂತೆ ಆ ಮಾತು ತಿಳಿಯತೊಡಗಿತು. ನೀರು ಯಾವುದು, ಮಗ್ಗುಲು ಯಾವುದು, ನೋವು ಯಾವುದು. ಆಮೇಲೆ ಉದ್ದುದ್ದ ಮಾತೂ ತಿಳಿಯಿತು.

ಮನೆಗೆ ಬಂದ ಮೇಲೆ ಊಟವೇ ಒಂದು ಶಿಕ್ಷೆಯಾಯಿತು. ಬಂಗಾರಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ನೊಗಲಿ ಮೀನನ್ನು ಮುಳ್ಳು ಬಿಡಿಸಿ ಬೇಯಿಸಿ ಕಿವುಚಿ, ಖಾರವಿಲ್ಲದೆ ಕಲಸಿ ಕೊಡುವಳು. ರೂಪಾ ಬಟ್ಟಲನ್ನು ಹಿಡಿದು ಹಿತ್ತಲಿಗೆ ಹೋಗಿ, ಬಚ್ಚಲ ಗೋಡೆಗೆ ಮುಖ ಮಾಡಿ ಕುಡಿಯುವಳು. ಒಂದು ದಿನ ಸುಧಾಕರ, "ಇಲ್ಲೇ ನಮ್ಮ ಸಂಗಡ ಕೂತ್ಕಾ ಮಾರಾಯ್ತಿ," ಎಂದು ಕರೆದ. ಅವಳು ಬಂದು ಕೂತಳು. ಮೂರನೇ ಗುಟುಕಿಗೆ ಕೆಮ್ಮು ಬಂದು ಗಂಜಿ ಮೂಗಿನಿಂದ ಚಿಮ್ಮಿ ಅವನ ತಟ್ಟೆಯ ಅಂಚಿಗೆ ಸಿಡಿಯಿತು. ಅವನು ಉಣ್ಣುವುದನ್ನು ನಿಲ್ಲಿಸಲಿಲ್ಲ, ಆದರೆ ಆ ಅಂಚಿನ ಅನ್ನವನ್ನು ಬಿಟ್ಟ. ರೂಪಾ ಅದನ್ನು ನೋಡಿದಳು. ಮತ್ತೆ ಒಳಗೆ ಕೂರಲಿಲ್ಲ.

ಅವಳು ಏನಾದರೂ ಹೇಳಿದರೆ ಸುಧಾಕರ ಅವ್ವನ ಮುಖ ನೋಡುವನು. "ಎಂತ ಹೇಳ್ತು ಅದು?"

"ಮೀಟರ್ ಬಿಲ್ಲು ಬಂದದೆ ಅಂತು."

"ಎಂತ?"

"ಸುಶ್ಮಿತಾನ ಚಪ್ಲಿ ಹರ್ದಿದೆ ಅಂತು."

ಬಂಗಾರಿ ಮತ್ತೆ ಬುಟ್ಟಿ ಹೊತ್ತು ಪೇಟೆಗೆ ಹೋಗತೊಡಗಿದ್ದಳು. ಪ್ರತಿ ಮನೆಯಲ್ಲೂ ರೂಪಾ ಎಲ್ಲಿ ಎಂದು ಕೇಳುತ್ತಿದ್ದರು. ಬರ್ತದೆ, ಬರ್ತದೆ ಎನ್ನುತ್ತಿದ್ದಳು. ಹನ್ನೆರಡು ಗಂಟೆಗೆ ಕುಂಟುತ್ತ ಬಂದು ಒಲೆ ಹೊತ್ತಿಸುತ್ತಿದ್ದಳು. ಈಗ ಅಡಿಗೆಮನೆಯಲ್ಲಿ ಜಗಳವಿಲ್ಲ. ಆ ಸುಮ್ಮನಿರುವಿಕೆ ಬಂಗಾರಿಗೆ ಜಗಳಕ್ಕಿಂತ ಕಷ್ಟವಾಯಿತು. ಒಂದೆರಡು ಸಲ ಬೇಕೆಂದೇ ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ಕೆಣಕಿದಳು. ರೂಪಾ ಸುಮ್ಮನೆ ಪಾತ್ರೆಯನ್ನು ಮತ್ತೆ ತೊಳೆದಿಟ್ಟಳು.

ದೀಪಾವಳಿಯ ಹೊತ್ತಿಗೆ ಆಸ್ಪತ್ರೆಯಿಂದ ಕರೆ ಬಂತು. ರೇಡಿಯೇಷನ್ ಶುರು ಮಾಡಬೇಕು, ತಡ ಮಾಡಬಾರದು. ಕೇರಿಯವರ ಬಾಯಲ್ಲಿ ಅದು ಕರೆಂಟು ಕೊಡುವುದು. ಅದಕ್ಕೆ ಮೊದಲು ಬಲಗಡೆಯ ಹಲ್ಲು ಕೆಲವನ್ನು ಕೀಳಬೇಕು.

"ನಾ ಹೋಗೂದಿಲ್ಲ," ಎಂದಳು ರೂಪಾ. ಪ್ಲೇಟು ಹಾಕಿಕೊಂಡಿದ್ದರಿಂದ ಎಲ್ಲರಿಗೂ ತಿಳಿಯಿತು. "ಮಾದೇವಕ್ಕಂಗೆ ಕೊಟ್ಟಿದ್ರಾ? ಅದಕ್ಕೂ ಅದೇ ಜಾಗ, ಅಷ್ಟೇ ದೊಡ್ಡದು. ಅದಕ್ಕಿಲ್ದೆ ಇದ್ದದ್ದು ನಂಗೆಂತಕ್ಕೆ? ಇದ್ದ ಬಾಯೂ ಸುಟ್ಟು ಹೋಗುಕಾ?"

ಸುಧಾಕರ ಹೆಂಡತಿಯ ಕಡೆ ವಾಲಿದ. "ಅದೂ ಹೌದು ಅಮ್ಮ. ಗಂಟು ಪೂರ್ತಿ ತೆಗ್ದಾಯ್ತಲ್ಲ. ಸ್ವಲ್ಪ ದಿನ ಕಾಂಬ."

"ನೀ ಬೋಟಿಗೆ ಹೋಗುಕೆ ಕಾಯ್ತಾ ಇದ್ದೆ, ಅಷ್ಟೇ," ಎಂದಳು ಬಂಗಾರಿ.

"ಹೋಗ್ದೆ ಎಂತ ಮಾಡೂದು? ಇಲ್ಲಿ ಕೂತು ಅದರ ಮುಖ ಕಾಣ್ತಾ ಇರೂದಾ?"

ರೂಪಾ ಪಟ್ಟು ಬಿಡಲಿಲ್ಲ. ಮಾದೇವಿಯನ್ನೇ ಕೇಳಿ ಬರುತ್ತೇನೆಂದಳು. ಕೊನೆಗೆ ಬಂಗಾರಿ ಒಂದು ಬೆಳಿಗ್ಗೆ ಅವಳನ್ನು ಕರೆದುಕೊಂಡು ಕುಮಟೆಯ ಬಸ್ಸು ಹತ್ತಿದಳು. ಹೊನ್ನಾವರದ ಸೇತುವೆಗೆ ಮೊದಲು ಕಾಸರಕೋಡು ಬಂತು. "ನಿನ್ನ ಅಣ್ಣನ ಮನೆಗೆ ಒಂದ್ಗಳಿಗೆ ಹೋಗ್ವನಾ?" ಎಂದು ಬಂಗಾರಿ ಕೇಳಿದರೆ ರೂಪಾ ಕಿಟಕಿಯ ಕಡೆಯಿಂದ ಮುಖ ತಿರುಗಿಸಿಕೊಂಡಳು. ತನ್ನ ಮಾತನ್ನು ತೌರಿನವರಿಗೆ ಕೇಳಿಸುವ ಮನಸ್ಸು ಅವಳಿಗಿರಲಿಲ್ಲ.

ಕುಮಟೆಯಲ್ಲಿ ಬಸ್ಸು ಬದಲಿಸಿ ಮಿರ್ಜಾನಕ್ಕೆ ಹೋದಾಗ ಮಾದೇವಿ ಜಗಲಿಯಲ್ಲಿ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಇವರನ್ನು ಕಂಡದ್ದೇ ಎದ್ದು ಬಂದು ರೂಪಾಳ ಎರಡೂ ಕೈ ಹಿಡಿದಳು. ಅವಳ ಮಾತು ಮೊದಲಿನ ಹಾಗೇ ಸ್ವಚ್ಛವಾಗಿತ್ತು. ಊಟಕ್ಕೆ ಕೂರಿಸಿದಳು. ತಾನೂ ಕೂತು, ಗಂಜಿಗೆ ಮಿಡಿ ಉಪ್ಪಿನಕಾಯಿ ನಂಜಿಕೊಂಡು ಉಂಡಳು. ಕೆಂಪು ರಸ ಅವಳ ಬಾಯೊಳಗೆ ಹೋಗುವುದನ್ನು ರೂಪಾ ಕಣ್ಣು ಕೀಳದೆ ನೋಡುತ್ತಿದ್ದಳು. ಬಂಗಾರಿಗೆ ಆ ನೋಟ ನೋಡಲಾಗಲಿಲ್ಲ.

"ಕರೆಂಟು ಕೊಟ್ರಾ ನಿಂಗೆ?" ಬಂಗಾರಿಯೇ ಕೇಳಿದಳು.

"ಇಲ್ಲ. ಆದ್ರೆ ತಂಗಿ, ನಂದೂ ನಿಂದೂ ಒಂದೇ ಅಂತ ತಿಳ್ಕಬೇಡ. ಅರ್ಚನಾ ಡಾಕ್ಟ್ರು ನಂಗೆ ಸಮಾ ಹೇಳಿ ಕಳ್ಸಿದ್ರು. ನಂದು ಪಾಪದ್ದಂತೆ. ಮತ್ತೆ ಬರೂದು ಕಮ್ಮಿಯಂತೆ. ನಿಂಗೆ ಹೋಗುಕೆ ಹೇಳಿದ್ರೆ ನೀ ಹೋಗು."

ರೂಪಾ ಊಟಕ್ಕೆಂದು ಪ್ಲೇಟು ತೆಗೆದಿಟ್ಟಿದ್ದಳು. ಮೂಗಿನಲ್ಲೇ ಏನೋ ಅಂದಳು. ಮಾದೇವಿ ಬಂಗಾರಿಯ ಮುಖ ನೋಡಿದಳು.

"ಉಪ್ಪಿನಕಾಯಿ ಚಲೋ ಕಾಣ್ತದೆ ಅಂತು," ಎಂದಳು ಬಂಗಾರಿ.

ರೂಪಾ ಅಂದದ್ದು ಅದಲ್ಲ. "ಇದರದ್ದು ಪಾಪದ್ದು. ನಾ ಎಂತ ಪಾಪ ಮಾಡಿದ್ದೆ?" ಎಂದಿದ್ದಳು.

ಮಾದೇವಿ ಕೊಟ್ಟ ಸೊಪ್ಪಿನ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಂಗಾರಿ ಬಸ್ಸಿನಲ್ಲಿ ಕೂತಳು. ಒಳ್ಳೆಯ ಹೆಂಗಸು, ಎಷ್ಟು ಆದರದಿಂದ ಮಾತಾಡಿದಳು. ಆದರೂ ಬಂಗಾರಿಯ ಹೊಟ್ಟೆಯಲ್ಲಿ ಬೆಂಕಿ. ಪಕ್ಕಪಕ್ಕದ ಮಂಚ, ಒಂದೇ ಜಾಗದ ಗಂಟು. ಆ ಪಾಪದ್ದು ನನ್ನ ಸೊಸೆಗೆ ಬಂದು, ಈ ನರ ಹಿಡಿಯುವುದು ಅವಳಿಗೆ ಬಂದಿದ್ದರೆ ದೇವರ ಗಂಟೇನು ಹೋಗುತ್ತಿತ್ತು? ಹೀಗೆ ಯೋಚಿಸುತ್ತಿರುವುದು ತಾನೇ ಎಂದು ಅರಿವಾದಾಗ ಸೊಪ್ಪನ್ನು ಸೀಟಿನ ಕೆಳಗೆ ಇಟ್ಟಳು. ಕ್ಯಾನ್ಸರಿನಲ್ಲೂ ಒಳ್ಳೆಯದು ಬರಲೆಂದು ಹೊಟ್ಟೆಕಿಚ್ಚುಪಡುವ ಸ್ಥಿತಿಗೆ ಬಂದಿದ್ದಳು.

ರೂಪಾ ಮನೆಗೆ ಬಂದ ಮೇಲೂ ಇಲ್ಲವೆಂದೇ ಕೂತಳು. "ಡಾಕ್ಟ್ರು ಅವರವರಿಗೆ ಬೇಕಾದ್ದು ಹೇಳ್ತ್ರು," ಎಂದಳು. ಅಂದು ಸಂಜೆ ಉಳಿದ ಮೂವರೂ ಊಟಕ್ಕೆ ಕೂತಾಗ ಸುಧಾಕರ ನಾಳೆ ಮಲ್ಪೆಗೆ ಹೊರಡುವ ಮಾತು ತೆಗೆದ. ಆಸ್ಪತ್ರೆಗೆ ಫೋನು ಮಾಡಿ ಮುಂದಿನ ತಿಂಗಳು ಬರುತ್ತೇವೆಂದು ಹೇಳುವೆನೆಂದ.

ಸುಶ್ಮಿತಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ಅಪ್ಪ, ನಿಂಗೆ ಡಾಕ್ಟ್ರು ಎಲ್ಲ ಹೇಳಿದ್ರಲ್ವನಾ? ಮನೆಗೆ ಬಂದು ನೀ ಎಂತ ಹೇಳ್ದೆ? ತೆಗ್ದಾಯ್ತು, ಸರಿ ಆತು ಅಂದೆ. ಅಮ್ಮ ಅದನ್ನೇ ನಂಬ್ಕಂಡಿದೆ."

"ನೀ ಸುಮ್ನೆ ಉಣ್ಣು."

"ಉಣ್ಣೂದಿಲ್ಲ. ಅಮ್ಮಾ, ಮಾದೇವಕ್ಕಂದು ಬೇರೆ, ನಿಂದು ಬೇರೆ. ನಿಂದು ನರದೊಳಗೆ ಹೋತದೆ. ಉಳ್ಕಂಡದ್ದನ್ನ ಸುಡೂಕೇ ರೇಡಿಯೇಷನ್ ಕೊಡೂದು. ನಾ ಓದಿದ್ದೆ, ಡಾಕ್ಟ್ರಿಗೂ ಫೋನ್ ಮಾಡಿ ಕೇಳ್ದೆ. ಐದು ವರ್ಷ ಹೆಚ್ಚಿನವ್ರು ಇರ್ತ್ರು. ಹತ್ತು ವರ್ಷಕ್ಕೆ ಅರ್ಧ ಜನ. ಹದಿನೈದಕ್ಕೆ ಅದಕ್ಕೂ ಕಮ್ಮಿ. ಅದೂ ಎಲ್ಲ ಔಷಧ ಸರಿಯಾಗಿ ಮಾಡ್ಸಿದ್ರೆ!"

ಸುಧಾಕರ ಎಂಜಲು ಕೈಯಲ್ಲೇ ಮಗಳ ಕೆನ್ನೆಗೆ ಹೊಡೆದ. ಇಷ್ಟು ವರ್ಷಗಳಲ್ಲಿ ಅವನು ಅವಳ ಮೇಲೆ ಕೈಯೆತ್ತಿದ್ದು ಅದೇ ಮೊದಲು. ಅನ್ನದ ಅಗುಳು ಅವಳ ಕೂದಲಿಗೆ ಹತ್ತಿಕೊಂಡಿತು. ಅವಳು ಅಳಲಿಲ್ಲ, ಅವನೇ ಬಿಕ್ಕಿದ.

ಹಿತ್ತಲ ಬಾಗಿಲಲ್ಲಿ ರೂಪಾ ಬಟ್ಟಲು ಹಿಡಿದು ನಿಂತಿದ್ದಳು. ಪ್ಲೇಟು ಇರಲಿಲ್ಲ. ಏನೋ ಕೇಳಿದಳು. ಗಂಡ, ಮಗಳು ಇಬ್ಬರೂ ಬಂಗಾರಿಯ ಕಡೆ ತಿರುಗಿದರು.

ಬಂಗಾರಿ ಮೊಮ್ಮಗಳ ಕಡೆ ನೋಡಿದಳು. "ಹದಿನೈದು ವರ್ಷಕ್ಕೆ ನಿಂಗೆ ಎಷ್ಟಾತದೆ ಅಂತ ಕೇಳ್ತದೆ, ಸುಶ್ಮಿತಾ."

"ಮೂವತ್ತೆರಡು," ಎಂದಳು ಹುಡುಗಿ.

ರೂಪಾ ಒಳಗೆ ಬಂದು ಮಗಳ ಕೂದಲಿನ ಅಗುಳನ್ನು ಒಂದೊಂದಾಗಿ ತೆಗೆದಳು. ಆಮೇಲೆ ಬಟ್ಟಲು ತೊಳೆದಿಟ್ಟು, ಪ್ಲೇಟು ಹಾಕಿಕೊಂಡು ಬಂದು ಗಂಡನಿಗೆ ಹೇಳಿದಳು: "ಮಂಗಳೂರಿಗೆ ಯಾವಾಗ ಬರೂದು ಅಂತ ಕೇಳಿ."

ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಅತ್ತೆ ಸೊಸೆ ವಾರಗಟ್ಟಲೆ ಉಳಿದರು. ಬಂಗಾರಿ ಸಣ್ಣ ಸ್ಟವ್ವಿನಲ್ಲಿ ಗಂಜಿ ಬೇಯಿಸಿದಳು, ರಾಗಿ ಕಾಯಿಸಿದಳು, ಎಳನೀರು ತಂದಳು. ಮೊದಲ ವಾರ ರೂಪಾ ತಾನೇ ನಡೆದು ಹೋಗಿ ಬರುತ್ತಿದ್ದಳು. ಆಮೇಲೆ ಬಾಯೆಲ್ಲ ಬೆಂದು ಬಿಳಿ ಪೊರೆ ಎದ್ದಿತು. ಜೊಲ್ಲು ಒಣಗಿತು. ಪ್ಲೇಟನ್ನು ಮುಟ್ಟಿಸುವಂತೆಯೇ ಇರಲಿಲ್ಲ. ಗಂಜಿಗೆ ಉಪ್ಪು ಹಾಕಿದರೂ ಬಿಟ್ಟರೂ ಅವಳಿಗೆ ಒಂದೇ ಆಯಿತು.

"ಎಂತ ರುಚಿ ಗೊತ್ತಾತದೆ?" ಎಂದು ಬಂಗಾರಿ ಕೇಳಿದರೆ, "ಮಣ್ಣು," ಎನ್ನುವಳು.

ಒಂದು ಮಧ್ಯಾಹ್ನ ಅವಳು ಬಟ್ಟಲನ್ನು ಗೋಡೆಗೆ ಎಸೆದಳು. ರಾಗಿ ಗೋಡೆಯಿಂದ ಇಳಿದು ಚಾಪೆಗೆ ಹರಿಯಿತು. "ಸಾಕು ಅತ್ತೆ. ಊರಿಗೆ ಹೋಪ. ನಂಗೆ ಸಾಕಾಯ್ತು."

"ಎಸಿ, ಇನ್ನೊಂದು ಬಟ್ಲು ಇದೆ, ಅದನ್ನೂ ಎಸಿ," ಬಂಗಾರಿ ಕೂಗಿದಳು. "ನನ್ನ ಮೊಣಕಾಲು ಬಿದ್ದು ಹೋಗಿದೆ, ಇಲ್ಲಿ ನಿನ್ನ ರಾಗಿ ಒರಸ್ತಾ ಕೂತಿದ್ದೆ! ಹದಿನೆಂಟು ವರ್ಷ ನನ್ನ ಹತ್ರ ಸೋಲಲಿಲ್ಲ ನೀನು. ಈಗ ಇದಕ್ಕೆ ಸೋಲ್ತ್ಯಾ?"

ರೂಪಾ ತಿರುಗಿ ಬೈದಳು. ಮೂಗಿನಲ್ಲಿ, ಹರಿದ ಬಾಯಲ್ಲಿ, ಎಷ್ಟೋ ವರ್ಷದ್ದೆಲ್ಲ ತೆಗೆದು ಬೈದಳು. ಬಾಣಂತನದಲ್ಲಿ ಮೀನು ಕೊಡದೆ ಇದ್ದದ್ದು, ಅಪ್ಪ ಸತ್ತಾಗ ಎರಡೇ ದಿನಕ್ಕೆ ವಾಪಸು ಕರೆಸಿದ್ದು. ಬಂಗಾರಿಗೆ ಒಂದಕ್ಷರವೂ ತಪ್ಪದೆ ತಿಳಿಯಿತು. ಕೊನೆಗೆ ರೂಪಾಳ ಉಸಿರು ಸೋತು ಅವಳು ಅತ್ತೆಯ ಮಡಿಲಿಗೇ ತಲೆ ಹಾಕಿದಳು. "ನಂಗೆ ಹೆದ್ರಿಕೆ ಆತದೆ ಅತ್ತೆ," ಎಂದಳು. ಬಂಗಾರಿ ಬೆನ್ನು ಸವರುತ್ತ ಕೂತಳು. ಮರುದಿನ ಇಬ್ಬರೂ ಮತ್ತೆ ರೇಡಿಯೇಷನ್ ಕೋಣೆಯ ಮುಂದೆ ಸರತಿಯಲ್ಲಿ ಕೂತಿದ್ದರು.

ಅದು ಮುಗಿದು, ಸ್ವಲ್ಪ ಕಾಲ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿದರು. ಆ ಸಲ ಸುಧಾಕರನೂ ಬಂದಿದ್ದ. ಡಾಕ್ಟರ್ ಅರ್ಚನಾ ರೂಪಾಳನ್ನು ಮುಂದೆ ಕೂರಿಸಿಕೊಂಡೇ ಮಾತಾಡಿದರು.

"ಬಾಯಿಯ ಜಾಗ ಸ್ವಚ್ಛ ಇದೆ. ಆದರೆ ಎದೆಯ ಚುಕ್ಕೆಗಳು ಬೆಳೆದಿವೆ, ಹೊಸತೂ ಬಂದಿವೆ. ಎರಡೂ ಕಡೆ. ಅದು ಶ್ವಾಸಕೋಶಕ್ಕೆ ಹೋಗಿದೆ ಅಂತಲೇ ಲೆಕ್ಕ."

"ಅದಕ್ಕೆ ಔಷಧ?" ಸುಧಾಕರ ಕೇಳಿದ.

"ಸದ್ಯಕ್ಕೆ ಏನೂ ಬೇಡ. ಸಣ್ಣ ಚುಕ್ಕೆಗಳು, ತುಂಬಾ ಕಡೆ ಇವೆ. ಕೀಮೋಗೆ ಇದು ಅಷ್ಟು ಬಗ್ಗುವುದಿಲ್ಲ. ಆರು ತಿಂಗಳಿಗೊಮ್ಮೆ ನೋಡುತ್ತಾ ಇರುವ. ಉಪದ್ರ ಶುರುವಾದರೆ ಆಗ ಯೋಚನೆ ಮಾಡುವ."

"ಎಂತದೂ ಮಾಡೂದಿಲ್ವಾ?" ಬಂಗಾರಿಗೆ ನಂಬಲಾಗಲಿಲ್ಲ. "ಇಷ್ಟೆಲ್ಲ ಸುಟ್ಟು, ಈಗ ಕಾಣ್ತಾ ಕೂತ್ಕಣೂದಾ?"

"ಸುಟ್ಟದ್ದು ಬಾಯಿಯದನ್ನು ಅಮ್ಮ. ಅದನ್ನು ಬಿಟ್ಟಿದ್ದರೆ ಕಣ್ಣಿಗೆ, ತಲೆಗೆ ಹೋಗ್ತಿತ್ತು. ಈ ಜಾತಿಯದ್ದು ಹೀಗೇ. ಎದೆಯಲ್ಲಿ ಇಟ್ಟುಕೊಂಡೇ ಕೆಲವರು ಎರಡು ಮೂರು ವರ್ಷ ಇರ್ತಾರೆ. ಕೆಲವರು ಹತ್ತು ವರ್ಷ ಓಡಾಡಿಕೊಂಡಿರ್ತಾರೆ. ರೂಪಾ ಯಾವ ಪೈಕಿ ಅಂತ ಹೇಳ್ಲಿಕ್ಕೆ ನನಗೆ ಗೊತ್ತಿದ್ದರೆ ಹೇಳ್ತಿದ್ದೆ."

ಮೂವರೂ ವಾಪಸು ರೈಲು ಹತ್ತಿದರು. ಬಂಗಾರಿ ಎದುರು ಸೀಟಿನಲ್ಲಿ ಕೂತ ಮಗನನ್ನೂ ಸೊಸೆಯನ್ನೂ ನೋಡುತ್ತಿದ್ದಳು. ಅವರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಎರಡು ವರ್ಷವೆಂದರೆ ತಾನು ಹೇಗಾದರೂ ಎಳೆಯಬಹುದು. ಹತ್ತು ವರ್ಷ? ಸೊಸೆಗೆ ಆಯುಷ್ಯ ಹೆಚ್ಚಲಿ ಎಂದು ದಿನವೂ ದೇವರಿಗೆ ಕೈಮುಗಿಯುತ್ತಿದ್ದವಳಿಗೆ ಈಗ ಆ ಆಯುಷ್ಯವೇ ಭಯ ಹುಟ್ಟಿಸಿತು. ರೇಡಿಯೇಷನ್ನಿನಿಂದ ಬಾಯಿ ಬಿಗಿದುಕೊಂಡಿತ್ತು. ಪ್ಲೇಟು ಇನ್ನೂ ಕೂರುತ್ತಿರಲಿಲ್ಲ. ಕೂತರೂ ಮಾತು ಮೊದಲಿನಂತಾಗುವುದು ಕಷ್ಟವೆಂದು ಹೇಳಿದ್ದರು. ತಾನು ಸತ್ತ ಮೇಲೆ ಇವಳು ಯಾರ ಹತ್ತಿರ ಮಾತಾಡಬೇಕು? ಈ ಮನೆಯಲ್ಲಿ ಇವಳು ಮೂಕಿಯಂತೆ ಉಳಿದು, ಮೂಕಿಯಂತೆ ಸಾಯಬೇಕೆ?

ಮರುದಿನ ಸಂಜೆ ಸುಧಾಕರ ಬ್ಯಾಗು ತುಂಬಿದ. ಬೆಳಿಗ್ಗೆ ಮಲ್ಪೆಗೆ ಹೋಗುವವನು. ಸುಶ್ಮಿತಾ ಅನ್ನ ಬಸಿದಿದ್ದಳು, ಬಂಗಾರಿ ತಾರ್ಲೆ ಮೀನಿನ ಸಾರು ಇಳಿಸಿ, ಸೊಸೆಗೆ ಬೇರೆ ಪಾತ್ರೆಯಲ್ಲಿ ಗಂಜಿ ಆರಿಸುತ್ತಿದ್ದಳು. ರೂಪಾ ಹಿತ್ತಲಿಗೆ ಹೋಗಲಿಲ್ಲ. ಗಂಡನ ಬ್ಯಾಗಿನ ಹತ್ತಿರ ನಿಂತು ಏನೋ ಹೇಳಿದಳು.

ಅವನು ಅಭ್ಯಾಸದಂತೆ ಅಡಿಗೆಮನೆಯ ಕಡೆ ತಿರುಗಿದ. "ಅಮ್ಮ, ಎಂತ ಹೇಳ್ತು?"

ಬಂಗಾರಿಗೆ ಕೇಳಿಸಿತ್ತು. ಗಂಜಿಯೊಳಗೆ ಚಮಚ ತಿರುವುತ್ತಲೇ ಹೇಳಿದಳು: "ನಂಗೆ ಗೊತ್ತಿಲ್ಲ."

"ನಿಂಗೆ ಗೊತ್ತಾತದಲ್ಲ."

"ಹೇಳೂದಿಲ್ಲ. ನಿನ್ನ ಹೆಂಡ್ತಿ ನಿಂಗೆ ಹೇಳಿದ್ದು. ಹತ್ರ ಹೋಗಿ ಕೇಳು."

"ಎಂತ ಅಮ್ಮ ನೀನು—"

"ನಾ ಎಷ್ಟು ವರ್ಷ ಇರ್ತೆ ಅಂತ ಮಾಡಿದ್ದೆ ನೀನು?" ಬಂಗಾರಿ ಚಮಚ ಬಿಟ್ಟಳು. "ಡಾಕ್ಟ್ರು ಅದಕ್ಕೆ ಹತ್ತು ವರ್ಷ ಅಂದ್ರೆ ಸಾಕಾ? ನಂಗೆ ಹತ್ತು ವರ್ಷ ಯಾರು ಕೊಡ್ತ್ರು? ನಾ ಸತ್ತ ಮರುದಿನ ಅದು ನೀರು ಕೇಳಿದ್ರೆ ನೀ ಯಾರ ಮುಖ ಕಾಣ್ತೆ? ಕೇಳು. ಕೂತ್ಕಂಡು ಕೇಳು."

ಸುಧಾಕರ ಹೆಂಡತಿಯ ಮುಂದೆ ಬಂದ. ಅವಳು ಮುಖ ತಿರುಗಿಸಿ ಬಾಯಿಗೆ ಟವೆಲು ಅಡ್ಡ ಹಿಡಿದಳು. ಅವನು ಟವೆ‌ಲನ್ನು ಕೆಳಗಿಳಿಸಿದ. ಅಂಗುಳ ಹೋದ ಬಾಯಿಯ ವಾಸನೆಗೆ ಅವನ ಮುಖ ಒಂದು ಕ್ಷಣ ಬಿಗಿಯಿತು. ಹಿಂದೆ ಸರಿಯಲಿಲ್ಲ.

"ಇನ್ನೊಂದ್ಸಲ ಹೇಳು."

ಅವಳು ಹೇಳಿದಳು.

"ಎದೆ... ಎದೆ ನೋವಾ?"

ಅವಳು ತಲೆಯಾಡಿಸಿದಳು. ಅಲ್ಲ. ಮತ್ತೆ ಹೇಳಿದಳು.

"ಬೆಳಗ್ಗೆ... ಎದ್ರೆ? ಎದ್ದು ಹೋಗ್ಬೇಕಾ?"

ಸುಶ್ಮಿತಾ ಊಹಿಸಿ ಹೇಳಲು ಬಾಯಿ ತೆರೆದಳು. ಬಂಗಾರಿ ಅವಳ ಕೈ ಹಿಡಿದು ಸುಮ್ಮನಿರಿಸಿದಳು. ಸಾರು ಒಲೆಯ ಪಕ್ಕ ಆರುತ್ತಿತ್ತು. ರೂಪಾಳ ಕಣ್ಣಿಂದ ನೀರಿಳಿದು, ಮೂಗಿನ ನೀರಿನ ಜೊತೆ ಸೇರಿ ತುಟಿಗೆ ಬಂದಿತ್ತು. ಅವಳು ಗಂಡನ ಅಂಗಿಯನ್ನು ಎರಡೂ ಕೈಯಿಂದ ಹಿಡಿದು, ಸಿಟ್ಟಿನಿಂದ ಎಂಬಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಸುಧಾಕರ ಕಿವಿಯನ್ನು ಅವಳ ಬಾಯಿಯ ಹತ್ತಿರವೇ ಇಟ್ಟಿದ್ದ. ಅವನ ತುಟಿಯೂ ಅವಳ ಜೊತೆ ಅಲುಗಾಡುತ್ತಿತ್ತು.

"ಹೆದ್ರಿಕೆ," ಎಂದ. "ಹೆದ್ರಿಕೆ ಆತದೆ ಅಂದ್ಯಾ? ನಿಂಗೆ ಹೆದ್ರಿಕೆ ಆತದೆ?"

ರೂಪಾ ಹೌದೆಂದು ತಲೆ ಅಲ್ಲಾಡಿಸಿದಳು.

"ನಂಗೂ," ಎಂದು ಅವನು ಬ್ಯಾಗಿನ ಪಕ್ಕ ನೆಲಕ್ಕೆ ಕುಸಿದು ಕೂತ. ಅವಳೂ ಅವನ ಎದುರಿಗೆ ಕೂತಳು. ಬಂಗಾರಿ ಗಂಜಿಯ ಬಟ್ಟಲನ್ನು ತಂದು ಇಬ್ಬರ ನಡುವೆ ಇಟ್ಟು, ಒಳಗೆ ಹೋಗಿ ಮೊಮ್ಮಗಳಿಗೆ ಅನ್ನ ಬಡಿಸತೊಡಗಿದಳು.